ರುಚಿ ನೋಡದೆ ಮಾಡಿದ ಬಿಯರು

ನಮ್ಮನೇಲಿ ಯಾರೂ ಕುಡಿಯೋದಿಲ್ಲ. ಇದನ್ನು ಮೊದಲೇ ಹೇಳಿಬಿಡೋದು ಒಳ್ಳೇದು. ಯಾಕಂದ್ರೆ ನೆದರ್‌ಲೆಂಡ್ಸಿನ ಆಲ್ಮೆರೆ ಅನ್ನೋ ಊರಿನ ನಮ್ಮ ಮನೆಗೆ ಮೊದಲ ಸಲ ಬಂದವರೆಲ್ಲ ಅಡುಗೆಮನೆ ಕಪಾಟಿನ ಮುಂದೆ ನಿಂತು ಒಂದು ಥರಾ ಮುಖ ಮಾಡ್ತಾರೆ. ಅಲ್ಲಿ ಹಬ್ಬದಡುಗೆ ಪುಸ್ತಕ, ಉಪ್ಪಿನಕಾಯಿ ಪುಸ್ತಕ, ಅಮ್ಮ ಮೈಸೂರಿಂದ ಹೊರಡುವಾಗ ಪೆಟ್ಟಿಗೆಗೆ ತುರುಕಿದ ತಿಂಡಿ ಪುಸ್ತಕ ಇವುಗಳ ಜೊತೆಗೇ ಭುಜಕ್ಕೆ ಭುಜ ಕೊಟ್ಟು ಮೂರು ದಪ್ಪ ಇಂಗ್ಲಿಷ್ ಪುಸ್ತಕಗಳು ನಿಂತಿವೆ. ಮೂರೂ ಮನೆಯಲ್ಲೇ ಬ್ರಿಟಿಷ್ ಏಲ್ ಮಾಡೋದು ಹೇಗೆ ಅಂತ ಹೇಳೋ ಪುಸ್ತಕಗಳು. ಏಲ್ ಅಂದ್ರೆ ಇಂಗ್ಲೆಂಡಿನವರ ಹಳೇಕಾಲದ ಬಿಯರು. ಕಂದು ಬಣ್ಣದ್ದು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರೋದಿಲ್ಲ, ಬುಸುಬುಸು ನೊರೆಯೂ ಕಮ್ಮಿ. ಬಿಯರುಗಳಲ್ಲಿ ಸ್ವಲ್ಪ ಸಾಧು ಸ್ವಭಾವದ್ದು ಅನ್ನಿ.

"ಏನ್ರೀ ಇದು? ಯಾರು ಕುಡಿಯೋರು?" ಅಂತ ಕೇಳ್ತಾರೆ.

"ಯಾರೂ ಇಲ್ಲ. ನಾನು ಮಾಡ್ತೀನಿ, ಅಷ್ಟೇ" ಅಂತೀನಿ. ಆಗ ಅವರು ಮಾಡೋ ಮುಖ ಮೊದಲಿನದಕ್ಕಿಂತ ಚೆನ್ನಾಗಿರುತ್ತೆ.

ಮೊನ್ನೆ ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಎಷ್ಟು ಅಂತ ನೋಡೋಣ ಅಂತ ಪುಸ್ತಕ ಎಳೆದರೆ ಕೈಗೆ ಬಂದದ್ದು ಏಲ್ ಪುಸ್ತಕ. ತೆರೆದ ತಕ್ಷಣ ಹಾಳೆಗಳ ನಡುವಿಂದ ಒಂದು ಒಣಗಿದ ಹಾಪ್ ಹೂವು ಸೀದಾ ಬಾಣಲೆಗೆ ಬಿತ್ತು. ಬಿಯರಿಗೆ ಕಹಿ ಕೊಡೋದು ಈ ಹೂವೇ. ಹಾಗಲಕಾಯಿಗೆ ಅದರ ಸಹಾಯವೇನೂ ಬೇಕಿರಲಿಲ್ಲ ಅನ್ನಿ, ಚಮಚದಲ್ಲಿ ಎತ್ತಿ ಹಾಕಿದೆ. ಪುಸ್ತಕದ ಆ ಪುಟದಲ್ಲಿ ನನ್ನ ಹೆಬ್ಬೆರಳಿನಷ್ಟೇ ದೊಡ್ಡ ಅರಿಶಿನದ ಕಲೆ ಇತ್ತು. ಅದನ್ನು ನೋಡಿ ಒಬ್ಬಳೇ ನಗೋಕೆ ಶುರು ಮಾಡಿದೆ. ಗೊಜ್ಜು ತಳ ಹಿಡೀತು.

ಈ ಪುಸ್ತಕಗಳು ನನ್ನವಲ್ಲ, ಪಕ್ಕದ ಮನೆ ಕೀತ್ ಅವರದ್ದು. ಕೀತ್ ಉತ್ತರ ಇಂಗ್ಲೆಂಡಿನ ಯಾವುದೋ ಸಣ್ಣ ಊರಿನವರು. ಡಚ್ ಹೆಂಗಸು ಆನೆಕೆಯನ್ನು ಮದುವೆಯಾಗಿ ಇಲ್ಲೇ ಉಳಿದುಬಿಟ್ಟವರು. ನಾವು ಬಂದ ಮೊದಲ ಚಳಿಗಾಲದಲ್ಲಿ ನಮ್ಮೆಜಮಾನರು ಬೆಳಗ್ಗೆ ರೈಲು ಹತ್ತಿ ಆಮ್‌ಸ್ಟರ್‌ಡ್ಯಾಮಿನ ಆಫೀಸಿಗೆ ಹೋದಮೇಲೆ ನಾನು, ಮಗಳು, ಮತ್ತೆ ನಗರಸಭೆಯಿಂದ ಬರೋ ಡಚ್ ಕಾಗದಗಳು, ಇಷ್ಟೇ ಮನೆಯಲ್ಲಿ. ಆ ಕಾಗದ ಹಿಡಿದು ಬಾಗಿಲಲ್ಲಿ ಪೆಚ್ಚಾಗಿ ನಿಂತಿದ್ದವಳನ್ನು ಒಳಗೆ ಕರೆದು ಟೀ ಕೊಟ್ಟು ಓದಿ ಹೇಳಿದವರು ಈ ಗಂಡ ಹೆಂಡತಿ. ಸೈಕಲ್ ಕಲಿಸಿದವರೂ ಅವರೇ. ನಾನು ಕಾಲುವೆಗೆ ಬೀಳದಂತೆ ಕೀತ್ ಹಿಂದಿನಿಂದ ಸೀಟು ಹಿಡಿದುಕೊಂಡು ಓಡಿದ ದೃಶ್ಯ ನೆನೆಸಿಕೊಂಡರೆ ಈಗಲೂ ಪಾಪ ಅನ್ನಿಸುತ್ತೆ. ಆಗಲೇ ಅವರಿಗೆ ಸೊಂಟನೋವಿತ್ತಂತೆ, ಹೇಳಿರಲಿಲ್ಲ.

ಒಂದ್ಸಲ ಎಜಮಾನರ ಆಫೀಸಿನ ಲಕ್ಕಿ ಡ್ರಾದಲ್ಲಿ ಬಿಯರ್ ಮಾಡೋ ಸಾಮಾನಿನ ಪೆಟ್ಟಿಗೆ ಬಂತು. ದೊಡ್ಡ ಪಾತ್ರೆ, ನಲ್ಲಿ ಇರೋ ಪ್ಲಾಸ್ಟಿಕ್ ಪೀಪಾಯಿ, ನಳಿಗೆ, ತೇಲೋ ಗಾಜಿನ ಕಡ್ಡಿ. ಜೀವಮಾನದಲ್ಲಿ ಒಂದು ಸೋಪ್ ಡಬ್ಬಿಯನ್ನೂ ಗೆಲ್ಲದ ಮನುಷ್ಯನಿಗೆ ಗೆದ್ದೂ ಗೆದ್ದು ಇದು! ಇಲ್ಲಿನ ಪದ್ಧತಿಯಂತೆ 'ಗ್ರಾಟಿಸ್', ಪುಕ್ಕಟೆ ಅಂತ ಚೀಟಿ ಅಂಟಿಸಿ ಮನೆ ಮುಂದೆ ಇಟ್ಟೆ. ಇಟ್ಟು ತಿರುಗೋದರೊಳಗೆ ಕೀತ್ ಕೋಲು ಊರಿಕೊಂಡು ಬಂದು ಪೆಟ್ಟಿಗೆ ಮುಂದೆ ನಿಂತಿದ್ದರು.

"ಇದನ್ನ ಎಸೀತಿದೀರಾ?"

"ನೀವು ತಗೊಳ್ಳಿ ಕೀತ್, ದಯವಿಟ್ಟು."

ಅವರು ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಸಣ್ಣಗೆ ನಡುಗುತ್ತಿದ್ದವು. ಕುದಿಯೋ ಪಾತ್ರೆ ಎತ್ತೋ ಕೈಗಳಲ್ಲ ಅವು ಈಗ. ಹಿಂದೆಲ್ಲ ತಾವೇ ಏಲ್ ಮಾಡ್ತಿದ್ದರಂತೆ, ಅವರ ಊರಿನ ಬಿಟರ್ ಅನ್ನೋ ಏಲು. ಸೊಂಟದ ಆಪರೇಷನ್ ಆದಮೇಲೆ ಊರಿಗೆ ಹೋಗೋದೂ ನಿಂತಿದೆ. ಹೋದರೂ ಪ್ರಯೋಜನ ಇಲ್ಲ, ಮೂಲೆಯ ಪಬ್ ಮುಚ್ಚಿ ಅಲ್ಲಿ ಫ್ಲಾಟು ಕಟ್ಟಿದ್ದಾರೆ ಅಂದರು. ಯಾವ ಗೋಳಾಟವೂ ಇಲ್ಲದೆ, ಹವಾಮಾನ ಹೇಳಿದಂಗೆ ಹೇಳಿದರು. ಆಮೇಲೆ ಮನೆಗೆ ಹೋಗಿ ಆ ಮೂರು ಪುಸ್ತಕ ತಂದು ಕೈಗಿಟ್ಟು, "ನಿಮಗೆ ಅಡುಗೆ ಪುಸ್ತಕ ಓದೋ ಹುಚ್ಚು ಅಲ್ವಾ? ಸುಮ್ನೆ ಓದಿ" ಅಂದರು.

ಸುಮ್ನೆ ಓದೋದಂತೆ! ಜನ ಕಾದಂಬರಿ ಓದೋ ಹಾಗೆ ನಾನು ಅಡುಗೆ ಪುಸ್ತಕ ಓದ್ತೀನಿ, ಓದಿದ್ದನ್ನ ಮಾಡಿ ನೋಡದೆ ಇರಕ್ಕಾಗಲ್ಲ. ಎಜಮಾನರಿಗೆ ಹೇಳಿದೆ. "ಮಾಡೋದಕ್ಕೆ ಅಡ್ಡಿಯಿಲ್ಲ, ನಿಮ್ಮಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಪೀಪಾಯಿ ತೋರಿಸಬೇಡ" ಅಂದರು.

ಓದ್ತಾ ಓದ್ತಾ ನನಗೇ ಆಶ್ಚರ್ಯ, ಇದು ನಮ್ಮ ಕಡೆಯ ವಿಷಯವೇ! ಮಾಲ್ಟ್ ಅಂದ್ರೆ ಬಾರ್ಲಿ ಮೊಳಕೆ ಬರಿಸಿ ಒಣಗಿಸಿ ಒಡೆದಿದ್ದು. ಮಕ್ಕಳಿಗೆ ರಾಗಿ ಸರಿಗೆ ನಾವು ಮಾಡೋದೂ ಅದೇ ತಾನೆ. ಕಹಿಗೆ ಸರಿಯಾಗಿ ಸಿಹಿ ತೂಗಿಸೋದು ಅಂತ ಒಂದು ಇಡೀ ಅಧ್ಯಾಯ. ಹಾಗಲಕಾಯಿ ಗೊಜ್ಜು ಮಾಡೋ ನನಗೆ ಇದನ್ನ ಹೇಳಿಕೊಡಬೇಕಾ? ಶುದ್ಧಿಯ ಬಗ್ಗೆ ಇನ್ನೊಂದು ಅಧ್ಯಾಯ. ಪಾತ್ರೆ, ಸೌಟು, ನಳಿಗೆ ಎಲ್ಲ ತೊಳೆದಮೇಲೆ ಮತ್ತೆ ಬರಿಗೈಲಿ ಮುಟ್ಟಬಾರದು, ಬೇರೆ ಏನಕ್ಕೂ ತಾಗಿಸಬಾರದು. ನಮ್ಮಜ್ಜಿಯ ಮಡಿಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ, ಒದ್ದೆ ಸೀರೆ ಒಂದು ಕಮ್ಮಿ. ಏಲ್ ತಿಳಿಯಾಗಲು ಮೀನಿನಿಂದ ತೆಗೆದ ಅಂಟು ಹಾಕಿ ಅಂತ ಇದ್ದ ಪುಟ ಬಂದಾಗ ಮಾತ್ರ "ರಾಮ ರಾಮ" ಅಂದು ಮಡಿಚಿಟ್ಟೆ. ಅದೃಷ್ಟಕ್ಕೆ ಮುಂದಿನ ಪುಟದಲ್ಲೇ ಕಡಲಪಾಚಿ ಹಾಕಿದರೂ ಆಗುತ್ತೆ ಅಂತಿತ್ತು.

ಮತ್ತೆ ನೀರಿನ ಅಧ್ಯಾಯ! ಇಂಗ್ಲೆಂಡಿನ ಒಂದೊಂದು ಊರಿನ ನೀರಿಗೆ ಒಂದೊಂದು ಗುಣವಂತೆ, ಅದಕ್ಕೇ ಒಂದೊಂದು ಊರಿನ ಏಲಿಗೆ ಒಂದೊಂದು ರುಚಿಯಂತೆ. ಎದ್ದು ನಿಂತು ನಮಸ್ಕಾರ ಮಾಡೋಣ ಅನ್ನಿಸ್ತು. ಮೈಸೂರಿನವರು ನಾವು ಹುಟ್ಟಿದಾಗಿನಿಂದ ಹೇಳ್ತಿರೋದೇನು? ಬೆಂಗಳೂರಲ್ಲಿ ಕಾಫಿ ಕೆಟ್ಟರೆ ನೀರು ಸರಿಯಿಲ್ಲ. ಬೇಳೆ ಬೇಯದಿದ್ದರೆ ನೀರು ಸರಿಯಿಲ್ಲ. ಕೂದಲು ಉದುರಿದರೆ ನೀರು. ಹುಡುಗ ಪರೀಕ್ಷೇಲಿ ಫೇಲಾದರೆ ಹಾಸ್ಟೆಲ್ಲಿನ ನೀರು. ಪಕ್ಕಾ ನಮ್ಮೋರು ಬರೆದ ಪುಸ್ತಕ ಅಂದುಕೊಂಡೆ.

ಒಂದೇ ಒಂದು ತೊಡಕು. ಮೂರೂ ಪುಸ್ತಕಗಳಲ್ಲಿ ಹೆಜ್ಜೆಹೆಜ್ಜೆಗೂ ಒಂದೇ ಮಾತು: ರುಚಿ ನೋಡಿ. ನಾನು ನೋಡೋದಿಲ್ಲ. ವ್ರತ ಅಂತೇನಿಲ್ಲ, ಅಭ್ಯಾಸ ಇಲ್ಲ, ಬೇಕೂ ಅನ್ನಿಸಿಲ್ಲ. ರುಚಿ ನೋಡದೆ ಮಾಡೋದು ಹೇಗೆ ಅಂತ ಕೇಳಿದರೆ ನಾನು ನಮ್ಮಜ್ಜಿಯ ಕಡೆ ಕೈ ತೋರಿಸ್ತೀನಿ.

ಮೈಸೂರಿನ ಅಗ್ರಹಾರದ ಮನೆಯಲ್ಲಿ ಹಬ್ಬ ಅಂದ್ರೆ ಅಜ್ಜಿ ಬೆಳಗ್ಗೆಯಿಂದ ಮಡಿಯುಟ್ಟು ಒಲೆ ಮುಂದೆ. ಹುಳಿ, ಗೊಜ್ಜು, ಕೋಸಂಬರಿ, ಆಂಬೊಡೆ ಎಲ್ಲ ಆಗಬೇಕು, ಒಂದನ್ನೂ ನಾಲಿಗೆಗೆ ಮುಟ್ಟಿಸೋ ಹಾಗಿಲ್ಲ. ದೇವರ ನೈವೇದ್ಯಕ್ಕೆ ಮುಂಚೆ ರುಚಿ ನೋಡಿದರೆ ಎಂಜಲು. ಹಬೆಗೆ ಮೂಗು ಹಿಡಿದು, "ಉಪ್ಪಿಗೂ ವಾಸನೆ ಇರುತ್ತೆ ಕಣೇ" ಅನ್ನೋರು. ಇರುತ್ತೋ ಇಲ್ಲವೋ ನನಗಂತೂ ಇವತ್ತಿಗೂ ಗೊತ್ತಾಗಿಲ್ಲ. ಎಲೆ ಹಾಕಿ ಬಡಿಸಿದಮೇಲೆ ಅಜ್ಜಿ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ತಾತನ ಮುಖ ನೋಡೋರು. ತಾತ ಹೊಗಳೋ ಜಾತಿಯಲ್ಲ. ಚೆನ್ನಾಗಿದ್ದರೆ ಮಾತೇ ಆಡದೆ ಎಲೆ ಮೇಲೆ ಎರಡು ಬೆರಳು ತಟ್ಟಿ, ಇನ್ನೊಂದು ಸೌಟು ಅಂತ ಸನ್ನೆ ಮಾಡೋರು. ಅಷ್ಟೇ ಅಜ್ಜಿಗೆ ಬೇಕಾಗಿದ್ದಿದ್ದು.

ಒಂದು ಗೌರಿಹಬ್ಬದ ದಿನ ತಾತ ಹುಳಿ ಅನ್ನ ಕಲಸಿ ಎರಡು ತುತ್ತು ತಿಂದು, "ಚೆನ್ನಾಗಿದೆ" ಅಂದುಬಿಟ್ಟರು. ಅಜ್ಜಿಯ ಮುಖ ಬಿಳುಚಿಕೊಂಡಿತು. "ಅಯ್ಯೋ, ಉಪ್ಪು ಹಾಕಿಲ್ಲ!" ಅಂತ ಒಳಗೆ ಓಡಿದರು. ನಿಜವಾಗಲೂ ಹಾಕಿರಲಿಲ್ಲ. ಪ್ರಸಾದಕ್ಕೆ ಹೆಸರಿಡಬಾರದು ಅಂತ ಪಂಕ್ತಿಯಲ್ಲಿದ್ದ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಎರಡನೇ ಸಲ ಬಡಿಸಿಕೊಂಡಿರಲೂ ಇಲ್ಲ.

ಇದನ್ನೆಲ್ಲ ಯಾಕೆ ಹೇಳಿದೆ ಅಂದ್ರೆ, ನನ್ನ ಮೊದಲನೇ ಬಿಟರ್ ಕುಡಿದು ಕೀತ್ "ಲವ್ಲೀ" ಅಂದರು.

ಪುಸ್ತಕದಲ್ಲಿ ಹೇಳಿದ ಹಾಗೇ ಮಾಡಿದ್ದೆ ಸ್ವಾಮೀ. ಮಾಲ್ಟ್ ತಂದು, ಆರಿಸಿ, ತೊಳೆದು, ಬಿಸಿನೀರಲ್ಲಿ ಹೊತ್ತು ನೋಡಿ ನೆನೆಹಾಕಿ, ಆ ಸಿಹಿನೀರು ಬಸಿದು, ಹಾಪ್ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಪೀಪಾಯಿಗೆ ತುಂಬಿ, ಬೀದಿಬಾಗಿಲ ಪಕ್ಕದ ಮೀಟರ್‌ಕಾಸ್ಟ್‌ನಲ್ಲಿ ಇಟ್ಟಿದ್ದೆ. ಕರೆಂಟ್ ಮೀಟರು ಇರೋ ಆ ಗೂಡಿನಲ್ಲಿ ಊರಿಗೆಲ್ಲ ಬಿಸಿನೀರು ಕೊಡೋ ಕೊಳವೆ ಹಾದುಹೋಗುತ್ತೆ, ಅಲ್ಲಿ ಸದಾ ಬೆಚ್ಚಗೆ. ಆಲ್ಮೆರೆಯ ಚಳೀಲಿ ದೋಸೆಹಿಟ್ಟು ಹುದುಗು ಬರಿಸೋಕೆ ನಾನು ಕಂಡುಕೊಂಡಿದ್ದ ಜಾಗ ಅದು. ಒಂದು ಕಡೆ ದೋಸೆಹಿಟ್ಟು, ಇನ್ನೊಂದು ಕಡೆ ಬಿಯರು. ಮೀಟರ್ ನೋಡೋಕೆ ಬಂದ ಹುಡುಗ ಬಾಗಿಲು ತೆಗೆದು, ಹಾಗೇ ಮುಚ್ಚಿ, ಶೂ ಹಾಕಿಕೊಂಡೇ ಇದ್ದರೂ ಓಡಿಹೋಗೋಕೆ ಸಿದ್ಧನಾದೋನ ಹಾಗೆ ಇನ್ನೊಂದ್ಸಲ ಲೇಸು ಬಿಗಿದುಕೊಂಡ.

ಲವ್ಲೀ ಅಂದರು, ಲೋಟ ಕೆಳಗಿಟ್ಟರು, ಥ್ಯಾಂಕ್ಸ್ ಹೇಳಿ ಎದ್ದರು. ಎರಡನೇ ಸಲವೂ ಲವ್ಲೀ. ಮೂರನೇ ಸಲ "ರಿಯಲೀ ಲವ್ಲೀ". ಎಜಮಾನರು ಖುಷಿಯೋ ಖುಷಿ. ನನಗೆ ಮಾತ್ರ ಒಳಗೆ ಗೌರಿಹಬ್ಬ. ಇಂಗ್ಲಿಷರೂ ಪ್ರಸಾದಕ್ಕೆ ಹೆಸರಿಡೋದಿಲ್ಲ ಅಂತ ಅರ್ಥವಾಗೋಕೆ ಎಷ್ಟು ಹೊತ್ತು ಬೇಕು? ಒಂದು ದಿನವಾದರೂ ಆ ಮನುಷ್ಯ ಇನ್ನೊಂದು ಲೋಟ ಕೇಳಲಿಲ್ಲ.

ಆನೆಕೆ ಹಾಗಲ್ಲ. ಡಚ್ಚರಿಗೆ ಮುಚ್ಚುಮರೆ ಗೊತ್ತಿಲ್ಲ. ಮೊದಲ ದಿನವೇ ಗಂಡನ ಲೋಟದಿಂದ ಒಂದು ಗುಟುಕು ಕುಡಿದು, ತುಟಿ ಒರೆಸಿಕೊಂಡು, "ವಾಟರಿಗ್" ಅಂದರು.

ನನ್ನ ಡಚ್ ಭಾಷೆ ಆಗಿನ್ನೂ ತರಕಾರಿ ಅಂಗಡಿಯ ಮಟ್ಟದ್ದು. ವಾಟರ್ ಅಂದ್ರೆ ನೀರು, ಗೊತ್ತಿತ್ತು. ವಾಟರಿಗ್ ಅಂದ್ರೆ ನೀರಿಂದ ಆಗಿದ್ದು ಅಂತ ತಿಳಕೊಂಡೆ. ನೋಡಿದ್ರಾ, ಆನೆಕೆಯೂ ಅದನ್ನೇ ಹೇಳ್ತಿದ್ದಾರೆ, ನೀರು ಸರಿಯಿಲ್ಲ! ಎಷ್ಟು ಬುದ್ಧಿವಂತೆ ಅನ್ನಿಸಿತು. ಹೇಳಿಕೇಳಿ ಈ ಆಲ್ಮೆರೆ ಸಮುದ್ರದ ತಳ ಒಣಗಿಸಿ ಕಟ್ಟಿದ ಊರು, ನೀರು ಎಲ್ಲಿಂದ ಸರಿಯಿರಬೇಕು? "ಹೌದು ಹೌದು, ವಾಟರಿಗ್, ವಾಟರಿಗ್" ಅಂತ ಅವರ ಕೈ ಹಿಡಿದು ಕುಲುಕಿದೆ. ಆನೆಕೆ ನನ್ನನ್ನೇ ವಿಚಿತ್ರವಾಗಿ ನೋಡಿದರು. ಬೈದರೆ ಇಷ್ಟು ಸಂತೋಷಪಡೋರನ್ನ ಅವರು ಕಂಡಿರಲಿಲ್ಲವೇನೋ.

ಅಲ್ಲಿಂದ ಶುರುವಾಯ್ತು ನೋಡಿ ನನ್ನ ನೀರಿನ ಅವಾಂತರ. ನೀರು ಕುದಿಸಿ ಆರಿಸಿದೆ. ಫಿಲ್ಟರ್ ಹಾಕಿದೆ. ಪುಸ್ತಕ ಹೇಳಿದ ಉಪ್ಪುಗಳನ್ನ ಚಿಟಿಕೆ ಲೆಕ್ಕದಲ್ಲಿ ಬೆರೆಸಿದೆ. ಅಂಗಡಿಯಿಂದ ಬಾಟಲಿ ನೀರು ಸೈಕಲ್ಲಿನ ಎರಡೂ ಕಡೆ ನೇತುಹಾಕಿಕೊಂಡು ತಂದೆ. ಗಾಳಿಗೆ ಎದುರಾಗಿ ಅಷ್ಟು ನೀರು ಹೊತ್ತು ತುಳಿದರೆ ಏನಾಗುತ್ತೆ ಅಂತ ಕೇಳಬೇಡಿ. ಆ ತೇಲೋ ಗಾಜಿನ ಕಡ್ಡಿ ಇದೆಯಲ್ಲ, ಸಿಹಿನೀರು ಗಟ್ಟಿಯಾಗಿದ್ದರೆ ಅದು ಮೇಲೆದ್ದು ನಿಲ್ಲಬೇಕಂತೆ. ನನ್ನದು ಪ್ರತಿಸಲವೂ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕೆಳಗೇ ಮುಳುಗೋದು. ಆ ಕಡ್ಡಿಯನ್ನೂ ಬೈದೆ. ಯಾವ ಬಾಟಲಿ ನೀರು ತಂದರೂ ಕೀತ್ ಲವ್ಲೀ, ಆನೆಕೆ ವಾಟರಿಗ್.

ಹೀಗಿರುವಾಗ ಕೀತ್‌ಗೆ ಎಂಬತ್ತು ತುಂಬೋ ಹುಟ್ಟುಹಬ್ಬ ಹತ್ತಿರ ಬಂತು. ಏನು ಬೇಕು ಕೀತ್ ಅಂದೆ. "ನಿಮ್ಮ ಬಿಟರ್ ಒಂದು ಪೀಪಾಯಿ ಇದ್ದರೆ ಸಾಕು" ಅಂದರು. ಸಂಕೋಚದ ಮನುಷ್ಯ, ನನ್ನ ಮನಸ್ಸು ನೋಯಿಸಬಾರದು ಅಂತ ಎಂಬತ್ತನೇ ಹುಟ್ಟುಹಬ್ಬದ ದಿನವೂ ಉಪ್ಪಿಲ್ಲದ ಹುಳಿ ಉಣ್ಣೋಕೆ ರೆಡಿ! ನನಗೆ ಅಳು ಬಂದುಬಿಟ್ಟಿತು. ಅವತ್ತೇ ನಿಶ್ಚಯ ಮಾಡಿದೆ. ಇವರು ನನ್ನ ಕೈಲಿ ಎರಡನೇ ಲೋಟ ಕೇಳಬೇಕು. ಇಲ್ಲಾಂದ್ರೆ ಪುಸ್ತಕ ವಾಪಸ್ ಕೊಟ್ಟು ನಾನು ಗೊಜ್ಜು ಮಾಡ್ಕೊಂಡಿರೋದು ವಾಸಿ.

ಏಲ್ ಹದವಾಗಿ ಬರೋದಕ್ಕೆ ಸಾಕಷ್ಟು ದಿನ ಬೇಕು, ಅದಕ್ಕೇ ಮುಂಚೆಯೇ ಕೆಲಸಕ್ಕೆ ಕೂತೆ. ಒಂದು ಶನಿವಾರ ಆನೆಕೆ ಗಂಡನ ಹುಟ್ಟುಹಬ್ಬಕ್ಕೆ ಯಾರ ಮನೆಯಿಂದ ಎಷ್ಟು ಕುರ್ಚಿ ಅಂತ ಮಾತಾಡೋಕೆ ಬಂದರು. ಡೈರಿಯಲ್ಲಿ ಬರೆದುಕೊಂಡು ಹೇಳಿದ ಹೊತ್ತಿಗೇ ಬರೋರು ಅವರು, ನನಗೇ ಮರೆತುಹೋಗಿತ್ತು. ನಾನು ಸಿಂಕಿನ ಮುಂದೆ ದೊಡ್ಡ ಪಾತ್ರೇಲಿ ಮಾಲ್ಟ್ ಸುರಿದು, ನಲ್ಲಿ ಬಿಟ್ಟು, ಎರಡೂ ಕೈಯಲ್ಲಿ ತಿಕ್ಕಿ ತಿಕ್ಕಿ ತೊಳೀತಾ ಇದ್ದೆ. ಬೆಳ್ಳಗೆ, ಹಾಲಿನ ಥರ ನೀರು ಬಕೆಟ್ಟಿಗೆ ಇಳೀತಾ ಇತ್ತು. ಎರಡು ನೀರು ಆಗಿತ್ತು, ಮೂರನೇದಕ್ಕೆ ಹಾಕಿದ್ದೆ.

ಆನೆಕೆ ಬಾಗಿಲಲ್ಲೇ ನಿಂತರು. "ಏನು ಮಾಡ್ತಿದೀಯ?"

"ತೊಳೀತಿದೀನಿ."

"ಯಾಕೆ?"

ಯಾಕೆ ಅಂದ್ರೆ? ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಕ್ಕಿಯೋ ಬೇಳೆಯೋ ಗೋಧಿಯೋ, ರವೆಯೊಂದು ಬಿಟ್ಟು ಏನು ಬೇಯಿಸಬೇಕಾದರೂ ಮೂರು ನೀರಲ್ಲಿ ತೊಳೀದೆ ಒಲೆ ಮೇಲೆ ಇಟ್ಟ ಹೆಂಗಸು ನಮ್ಮ ವಂಶದಲ್ಲೇ ಇಲ್ಲ. ಯಾಕೆ ಸ್ನಾನ ಮಾಡ್ತೀಯ ಅಂತ ಕೇಳಿದ ಹಾಗಾಯ್ತು.

"ಪುಸ್ತಕದಲ್ಲಿ ತೊಳಿ ಅಂತ ಇದೆಯಾ?"

"ತೊಳೀಬೇಡ ಅಂತಲೂ ಇಲ್ಲ" ಅಂದೆ. ಇದು ನಿಜ. ಮಾಲ್ಟ್ ಒಡೆದಾಗ ಬರೋ ಹಿಟ್ಟೇ ಬಿಯರಿನ ಜೀವ, ಅದನ್ನ ನಲ್ಲಿ ಕೆಳಗೆ ತೊಳೆದು ಚೆಲ್ಲೋರು ಯಾರಾದರೂ ಇರಬಹುದು ಅಂತ ಆ ಪುಸ್ತಕ ಬರೆದವರಿಗೆ ಕನಸಲ್ಲೂ ಬಂದಿರಲಿಕ್ಕಿಲ್ಲ. ಅವರು ನಮ್ಮೋರಲ್ಲ ಅಂತ ನನಗೆ ಗೊತ್ತಾಗಿದ್ದು ಆವಾಗ.

ಆನೆಕೆ ಬಕೆಟ್ಟಿನ ನೀರಿಗೆ ಬೆರಳು ಅದ್ದಿದರು. ಬೆಳ್ಳನೆ ಬೆರಳು ನನ್ನ ಮೂಗಿನ ಮುಂದೆ ಹಿಡಿದರು. "ಇಲ್ಲಿದೆ ನೋಡು ನಿನ್ನ ಬಿಯರ್! ಅದಕ್ಕೇ ಅದು ವಾಟರಿಗ್!"

ಊಟದ ಮೇಜಿನ ಹತ್ತಿರ ಹೋಂವರ್ಕ್ ಮಾಡ್ತಿದ್ದ ಮಗಳು ಅದಿತಿ ತಲೆ ಎತ್ತಿದಳು. "ಅಮ್ಮಾ, ವಾಟರಿಗ್ ಮೀನ್ಸ್ ವಾಟರೀ. ಲೈಕ್, ನೀರು ನೀರು. ನಿಂಗೆ ಗೊತ್ತಿರ್ಲಿಲ್ವಾ?"

"ನೀನ್ಯಾಕೆ ಹೇಳ್ಲಿಲ್ಲ?"

"ಯೂ ನೆವರ್ ಆಸ್ಕ್ಡ್!"

ನಾನು ಅಲ್ಲೇ ಕುರ್ಚಿ ಮೇಲೆ ಕುಸಿದೆ. ಆನೆಕೆ ಬಕೆಟ್ ಎತ್ತಿಕೊಂಡು, "ಇದನ್ನ ಏನು ಮಾಡ್ತೀಯ?" ಅಂದರು. ಹಿತ್ತಲ ಗುಲಾಬಿಗೆ ಹಾಕ್ತೀನಿ ಅಂದೆ. ಅಕ್ಕಿ ತೊಳೆದ ಅಕ್ಕಚ್ಚನ್ನ ಚೆಲ್ಲಬಾರದು, ಊರಲ್ಲಿದ್ದರೆ ಹಸುವಿಗೆ ಇಡ್ತಿದ್ವಿ, ಇಲ್ಲಿ ಹಸು ಎಲ್ಲಿಂದ ತರಲಿ ಅಂತ ಗುಲಾಬಿಗೆ. ಮಾಲ್ಟಿನ ಅಕ್ಕಚ್ಚೂ ಅಲ್ಲಿಗೇ. ಆನೆಕೆ ಕಿಟಕಿ ಆಚೆ ನೋಡಿದರು. ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲದ ಹಾಗೆ ನನ್ನ ಗುಲಾಬಿ ಬೇಲಿ ದಾಟಿ ಮದಿಸಿ ಬೆಳೆದಿತ್ತು. ಕೀತ್ ಬಂದಾಗೆಲ್ಲ ಅದನ್ನ ಹೊಗಳೋರು. ಇಷ್ಟು ದಿನ ಬಿಯರ್ ಕುಡಿದಿದ್ದು ಗುಲಾಬಿ, ಅಕ್ಕಚ್ಚು ಕುಡಿದಿದ್ದು ಕೀತ್! ಇಬ್ಬರೂ ನಕ್ಕು ನಕ್ಕು ಸಾಕಾಯ್ತು. ಕುರ್ಚಿ ವಿಷಯ ಮಾತಾಡೋದೇ ಮರೆತರು ಆನೆಕೆ, ಡೈರಿಯಲ್ಲಿ ಇನ್ನೊಂದು ದಿನ ಬರೆದುಕೊಂಡು ಹೋದರು.

ಹೊಸ ಮಾಲ್ಟ್ ತಂದೆ. ಅದನ್ನ ತೊಳೀದೆ ಪಾತ್ರೆಗೆ ಸುರಿಯುವಾಗ ಕಣ್ಣು ಮುಚ್ಚಿಕೊಂಡೆ ಅಂದ್ರೆ ನಂಬಿ. ಅಜ್ಜಿ ಎಲ್ಲಿಂದಲೋ ನೋಡ್ತಿದ್ದಾರೆ ಅನ್ನಿಸಿ, "ತಪ್ಪಾಯ್ತಜ್ಜಿ" ಅಂತ ಮನಸ್ಸಲ್ಲೇ ಅಂದುಕೊಂಡೆ. ನೀರು ಸೀದಾ ನಲ್ಲಿದೇ ಹಿಡಿದೆ. ಗಾಜಿನ ಕಡ್ಡಿ ಜಂಬದಿಂದ ಮೇಲೆದ್ದು ನಿಂತಿತು. ಮನೆಯೆಲ್ಲ ಹುರಿದ ಹಿಟ್ಟಿಗೆ ಬೆಲ್ಲ ಕಾಸಿ ಹಾಕಿದಂಥ ಘಮ. ಬಗ್ಗಿ ಹಬೆಗೆ ಮೂಗು ಹಿಡಿದೆ. ಆಗ ಒದ್ದೆ ಹೆಬ್ಬೆರಳು ಪುಸ್ತಕಕ್ಕೆ ತಾಗಿದ್ದು, ಮಧ್ಯಾಹ್ನದ ಒಗ್ಗರಣೆಯ ಅರಿಶಿನ ಸಮೇತ. ನೋಡಿ, ಮಡಿ ಕೆಟ್ಟಿದ್ದು ಅಷ್ಟೇ.

ಡಚ್ಚರ ಹುಟ್ಟುಹಬ್ಬ ನೀವು ನೋಡಬೇಕು. ಕುರ್ಚಿಗಳನ್ನ ದುಂಡಗೆ ಹಾಕಿ ಎಲ್ಲರೂ ಮುಖಕ್ಕೆ ಮುಖ ಕೂರೋದು. ಹುಟ್ಟುಹಬ್ಬದವರಿಗಷ್ಟೇ ಅಲ್ಲ, ಅವರ ಹೆಂಡತಿಗೆ, ನಾದಿನಿಗೆ, ಪಕ್ಕದ ಮನೆಯವರಿಗೆ, ಸುತ್ತ ಎಲ್ಲರಿಗೂ ಕೈ ಕುಲುಕಿ ಅಭಿನಂದನೆ ಹೇಳೋದು. ಒಂದು ಕಾಫಿ, ಒಂದು ತುಂಡು ಕೇಕ್. ಇನ್ನೊಂದು ತುಂಡು ಹಾಕ್ಲಾ ಅನ್ನೋ ಪದ್ಧತಿಯೇ ಇಲ್ಲ. ಇಂಥ ಕಡೆ ಇನ್ನೊಂದು ಲೋಟ ಕೇಳಿಸಬೇಕು ಅಂತ ನಾನು ಹೊರಟಿದ್ದೆ. ಪೀಪಾಯಿಯನ್ನ ಕೀತ್ ಮನೆಯ ಹಜಾರದ ಮೂಲೆಯ ಮೇಜಿನ ಮೇಲಿಟ್ಟು ಎಜಮಾನರು ನಲ್ಲಿ ತಿರುಗಿಸಿದರು. ಕಾಫಿ ಡಿಕಾಕ್ಷನ್ನಿಗೆ ಬಿಸಿಲು ಬಿದ್ದಂಥ ಬಣ್ಣ. ಕೀತ್ ಕೈಗೆ ಲೋಟ ಕೊಟ್ಟು ನಾನು ಅಡುಗೆಮನೆ ಬಾಗಿಲಿಗೆ ಒರಗಿ ನಿಂತೆ. ಬೇಕಂತ ನಿಂತಿದ್ದಲ್ಲ, ಕಾಲು ಅಲ್ಲಿಗೇ ಹೋಯ್ತು.

ಕೀತ್ ಒಂದು ಗುಟುಕು ಕುಡಿದರು.

ಲವ್ಲೀ ಅನ್ನಬೇಡಿ, ದೇವರೇ, ಲವ್ಲೀ ಒಂದು ಅನ್ನಬೇಡಿ.

ಅನ್ನಲಿಲ್ಲ. ಲೋಟವನ್ನ ಬೆಳಕಿಗೆ ಹಿಡಿದು ನೋಡಿದರು. ಇನ್ನೊಂದು ಗುಟುಕು. ಪಕ್ಕದಲ್ಲಿದ್ದ ನಾದಿನಿ ಏನೋ ಕೇಳಿದರು, ಇವರಿಗೆ ಕೇಳಿಸಲಿಲ್ಲ. ಎರಡು ಕೈಯಲ್ಲೂ ಲೋಟ ಹಿಡಿದು, ನಿಧಾನಕ್ಕೆ, ಯಾವ ಅವಸರವೂ ಇಲ್ಲದೆ, ತಳ ಕಾಣೋವರೆಗೂ ಕುಡಿದರು. ಆಮೇಲೆ ಯಾರನ್ನೂ ನೋಡದೆ, ಆ ನಡುಗೋ ಕೈಯಲ್ಲಿ ಖಾಲಿ ಲೋಟ ನನ್ನ ಕಡೆ ಚಾಚಿದರು.

ನಾನು ಹೇಗೆ ಅಲ್ಲಿಗೆ ಹೋದೆನೋ, ಹೇಗೆ ತುಂಬಿಸಿಕೊಟ್ಟೆನೋ ಗೊತ್ತಿಲ್ಲ. ಕಣ್ಣು ಮಂಜಾಗಿ ಸ್ವಲ್ಪ ಮೇಜಿನ ಮೇಲೂ ಚೆಲ್ಲಿದೆ. ಆನೆಕೆ ಕುಡಿದು, ದುಂಡಗೆ ಕೂತ ಎಲ್ಲರಿಗೂ ಕೇಳೋ ಹಾಗೆ "ಲೆಕ್ಕರ್!" ಅಂದರು. ರುಚಿಯಾಗಿದೆ ಅಂತ. ಈ ಪದ ನನಗೆ ತರಕಾರಿ ಅಂಗಡಿಯ ಕಾಲದಿಂದಲೇ ಗೊತ್ತು. ಅದಾದಮೇಲೆ ಆ ಸಭ್ಯ ಡಚ್ಚರು ಒಬ್ಬೊಬ್ಬರಾಗಿ ಎದ್ದು ಮೂಲೆಯ ಮೇಜಿಗೆ ಹೋಗಿಬಂದರು, ಕೆಲವರು ಕಣ್ಣು ತಪ್ಪಿಸಿ ಇನ್ನೊಂದ್ಸಲವೂ ಹೋದರು.

ಅಜ್ಜಿಯ ಬಗ್ಗೆ ಒಂದು ಮಾತು ಹೇಳೋದು ಬಿಟ್ಟಿದ್ದೆ. ಹಬ್ಬದ ದಿನ ಎಲ್ಲರದ್ದೂ ಆದಮೇಲೆ ಕೊನೆಗೆ ಅವರು ಉಣ್ಣೋಕೆ ಕೂರೋರು. ಉಪ್ಪಿಲ್ಲದ ಆ ಹುಳಿ ಇತ್ತಲ್ಲ, ಅದು ಅವರ ಎಲೆಗೆ ಧಾರಾಳವಾಗಿ ಉಳಿದಿತ್ತು. ಅಡುಗೆ ಚೆನ್ನಾಗಿ ಆದ ದಿನಗಳಲ್ಲಿ ಎಲೆ ಮೇಲೆ ಬರೀ ಮಜ್ಜಿಗೆ ಅನ್ನ, ಉಪ್ಪಿನಕಾಯಿ. "ನಿಂಗೆ ಹುಳಿ ಎಲ್ಲಜ್ಜಿ?" ಅಂತ ನಾನು ಕೇಳಿದರೆ, ಒಂದು ಥರಾ ಗತ್ತಿನಲ್ಲಿ, "ಉಳಿದ್ರೆ ತಾನೆ!" ಅನ್ನೋರು. ಪಾಪ, ಅಜ್ಜಿಗೆ ಸಿಗಲಿಲ್ಲವಲ್ಲ ಅಂತ ನನಗೆ ಬೇಜಾರಾಗೋದು. ಅವರು ಹಬ್ಬದಲ್ಲಿ ಅತೀ ಖುಷಿಯಾಗಿರ್ತಿದ್ದಿದ್ದು ಅದೇ ಹೊತ್ತು ಅಂತ ಆಗ ಹೊಳೆದಿರಲಿಲ್ಲ.

ಸಂಜೆ ಎಲ್ಲರೂ ಹೋದಮೇಲೆ ಕುರ್ಚಿ ಎತ್ತಿಡುವಾಗ ನಾನೊಂದು ತೀರ್ಮಾನ ಮಾಡಿದ್ದೆ. ಇಷ್ಟೆಲ್ಲ ಮಾಡಿದ್ದೀನಿ, ಒಂದೇ ಒಂದು ತೊಟ್ಟು ನಾಲಿಗೆ ಮೇಲೆ ಹಾಕಿ ನೋಡೋಣ, ಏನಿದರ ಮಹಿಮೆ ಅಂತ. ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಸಣ್ಣ ಲೋಟ ಹಿಡಿದು ನಲ್ಲಿ ತಿರುಗಿಸಿದೆ. ಬುಸ್ ಅಂತ ಗಾಳಿ ಬಂತು. ಪೀಪಾಯಿ ಬಗ್ಗಿಸಿದೆ, ಅಲ್ಲಾಡಿಸಿದೆ, ತಲೆಕೆಳಗು ಮಾಡಿದೆ.

ಮನೆಗೆ ಬಂದು ತಟ್ಟೆಗೆ ಅನ್ನ ಹಾಕಿ, ಮಜ್ಜಿಗೆ ಸುರಿದು, ಉಪ್ಪಿನಕಾಯಿ ಇಟ್ಟುಕೊಂಡು ಕೂತೆ. ಎಜಮಾನರು ಖಾಲಿ ಪೀಪಾಯಿ ಮೀಟರ್‌ಕಾಸ್ಟ್‌ಗೆ ತುರುಕಿ ಬಂದು ಎದುರಿಗೆ ನಿಂತರು.

"ಅಲ್ವೇ, ಎಲ್ಲರೂ ಅಷ್ಟು ಮೆಚ್ಚಿಕೊಂಡರು, ಇವತ್ತಾದ್ರೂ ಒಂದು ಹನಿ ರುಚಿ ನೋಡಿದ್ಯೋ ಇಲ್ವೋ?"

ನಾನು ಅನ್ನ ಕಲಸುತ್ತಾ ತಲೆ ಎತ್ತದೆ ಹೇಳಿದೆ.

"ಉಳಿದ್ರೆ ತಾನೆ!"